ಏಳನೆಯ ಕಾಜಾದ ಕೆಂಪು ದಾರ

ನನ್ನ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಬದುಕಿಡೀ ಮಾಡಿದ್ದು ಒಂದೇ ಕೆಲಸ. ಅಂಗಿಗಳಿಗೆ ಕಾಜಾ ಹಾಕುವುದು. ಗುಂಡಿ ತೂರಿಸಲು ಬಟ್ಟೆಯನ್ನು ಸೀಳಿ, ಸೀಳಿನ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ದಾರ ಕಟ್ಟಬೇಕು. ಬೀದಿಗೆಲ್ಲ ಅವರು ಕಾಜಾ ಅಕ್ಕ. ಅವರಿಗೆ ಬೇರೆ ಹೆಸರಿದೆ ಅಂತ ಅರ್ಧ ಬೀದಿಗೆ ಗೊತ್ತಾದದ್ದು ಸರ್ಕಾರದವರು ಮನೆಮನೆಗೆ ಬಂದು ಹೆಸರು ಬರೆದುಕೊಂಡಾಗಲೇ.

ಅಂಗಡಿ ನಮ್ಮದೇ. ಕೆಳಗೆ ಉದ್ದನೆಯ ಕೋಣೆ, ಬೀದಿಯ ಕಡೆಗೆ ಗಾಜಿನ ಬಾಗಿಲು, ಎರಡು ಮೆಷಿನ್ನು, ಕತ್ತರಿಸುವ ಮೇಜು. ಮೇಲೆ ಮನೆ. ನಮ್ಮವರು ಅಳತೆ ತೆಗೆದು ಕತ್ತರಿಸುವರು, ನಾನು ಮೆಷಿನ್ನಿನ ಮುಂದೆ ಕೂರುವೆ, ಅತ್ತಿಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲಡಿ ಒಂದು ಮಣೆ ಇಟ್ಟುಕೊಂಡು ಕಾಜಾ ಹಾಕುವರು. ಮದುವೆಯಾದ ನಾಲ್ಕನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ತಮ್ಮನ ಮನೆಗೆ ಬಂದವರು ಆ ಕುರ್ಚಿಯಲ್ಲಿ ಕೂತರು ನೋಡಿ, ಮತ್ತೆ ಏಳಲಿಲ್ಲ. ನಾನು ಸೊಸೆಯಾಗಿ ಬಂದಾಗ ಆ ಹುಡುಗನಿಗೆ ಎಂಟು ವರ್ಷ. ನನಗೆ ಮಕ್ಕಳಾಗಲಿಲ್ಲ. ಮನೆಗೆಲ್ಲ ಅವನೊಬ್ಬನೇ ಮಗ.

ನನಗೆ ಕಾಜಾ ಕಲಿಸಿದ್ದು ಅತ್ತಿಗೆ. ಮೊದಲ ತಿಂಗಳು ನಾನು ಹಾಕಿದ್ದನ್ನೆಲ್ಲ ಬಿಚ್ಚಿಸಿದರು.

“ಇದೇನು ಕಾಜಾನಾ, ಇಲಿ ಕಡಿದಿರೋ ತೂತಾ?”

“ಗುಂಡಿ ಹೋಗುತ್ತಲ್ಲ ಅತ್ತಿಗೆ.”

“ಗುಂಡಿ ಏನು, ನಿಮ್ಮ ಮಾವನೋರ ಮೂಗೇ ಹೋಗುತ್ತೆ. ಬಿಚ್ಚು.”

ಬಿಚ್ಚಿ ಬಿಚ್ಚಿ ಕೈ ಕುದುರಿತು. ಎರಡು ವರ್ಷದಲ್ಲಿ ನನ್ನ ಕಾಜಾ ಯಾವುದು, ಅತ್ತಿಗೆಯದು ಯಾವುದು ಅಂತ ನಮ್ಮವರಿಗೇ ಗೊತ್ತಾಗದ ಹಾಗಾಯಿತು. ಆಗ ಅದು ನನಗೆ ದೊಡ್ಡ ಹೆಮ್ಮೆ. ಆ ಹೆಮ್ಮೆ ಮುಂದೆ ಏನು ಮಾಡಿತು ಅನ್ನುವುದನ್ನೇ ಈಗ ಹೇಳಹೊರಟಿರುವುದು.

ಮನೆಯವರ ಬಟ್ಟೆಗೆ ಅತ್ತಿಗೆ ಒಂದು ಗುರುತು ಇಟ್ಟಿದ್ದರು. ಗಿರಾಕಿಗಳ ಅಂಗಿ, ನಮ್ಮ ಅಂಗಿ ಎಲ್ಲ ಒಂದೇ ಮೇಜಿನ ಮೇಲೆ ಇಸ್ತ್ರಿಯಾಗುತ್ತಿದ್ದವು. ಒಂದು ಸಲ ನಮ್ಮವರ ಅಂಗಿ ಮಡಿಕೆಯಾಗಿ ಪೋಸ್ಟ್‌ಮಾಸ್ಟರ ಮನೆಗೆ ಹೋಗಿ, ಆ ಪುಣ್ಯಾತ್ಮ ಒಂದು ವಾರ ಹಾಕಿಕೊಂಡು ತಿರುಗಿದ ಮೇಲೆ ಅತ್ತಿಗೆ ಈ ಉಪಾಯ ಮಾಡಿದರು. ಅಂಗಿಗೆ ಏಳು ಕಾಜಾ. ಎಲ್ಲಕ್ಕಿಂತ ಕೆಳಗಿನ ಏಳನೆಯದರ ಹಿಂಬದಿಗೆ, ಹೊರಗೆ ಕಾಣದ ಹಾಗೆ, ಕೆಂಪು ದಾರದ ಒಂದೇ ಒಂದು ಹೊಲಿಗೆ. ತಿರುಗಿಸಿ ನೋಡಿದರೆ ಕೆಂಪು ಇದೆಯೋ, ಮನೆಯದು. ಇಲ್ಲವೋ, ಗಿರಾಕಿಯದು. ಗುರುತು ಹಾಕುವುದು ಅತ್ತಿಗೆ ಮಾತ್ರ. ಅದು ಅವರ ಕಾನೂನು.

ಎದುರಿಗೆ ಬೇಕರಿ. ಬೇಕರಿಯಣ್ಣನ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವರ ಮಗ ನಮ್ಮ ಹುಡುಗನಿಗೆ ಹದಿನೈದು ದಿನಕ್ಕೆ ದೊಡ್ಡವನು. ಬೆಳಿಗ್ಗೆ ನಮ್ಮ ಮನೆಗೆ ಬ್ರೆಡ್ಡು ತರುವ ನೆಪದಲ್ಲಿ ಬಂದರೆ ಊಟ ಮುಗಿಸಿಕೊಂಡೇ ಹೋಗುವನು. ಮಾತಾಡುವಾಗ ಅಂಗಿಯ ಮೇಲಿಂದ ಎರಡನೆಯ ಗುಂಡಿಯನ್ನು ತಿರುವುತ್ತ ತಿರುವುತ್ತ ಕಿತ್ತುಬಿಡುವ ಅಭ್ಯಾಸ ಅವನಿಗೆ. ಎಷ್ಟು ಸಲ ಹಾಕಿಕೊಟ್ಟರೂ ಎರಡನೆಯ ವಾರಕ್ಕೆ ಗುಂಡಿ ಇಲ್ಲ. ಅತ್ತಿಗೆ ಅವನಿಗೆ ಗುಂಡಿಮುಕ್ಕ ಅಂತ ಹೆಸರಿಟ್ಟಿದ್ದರು.

“ಏನೋ ಗುಂಡಿಮುಕ್ಕ, ಮನೇಲಿ ನಿಮ್ಮಪ್ಪ ಬ್ರೆಡ್ಡು ಕೊಡಲ್ವಾ, ಗುಂಡಿ ತಿಂತೀಯ?”

“ಬ್ರೆಡ್ಡು ದಿನಾ ಇರುತ್ತೆ ಅಕ್ಕ. ಬಾಯಿ ಕೆಟ್ಟುಹೋಗಿದೆ.”

ಇಬ್ಬರೂ ಒಂದೇ ಎತ್ತರ, ಒಂದೇ ಭುಜ. ನಮ್ಮವರ ಅಳತೆ ಪುಸ್ತಕದಲ್ಲಿ ಇಬ್ಬರಿಗೂ ಸೇರಿ ಒಂದೇ ಪುಟ.

ಅವರಿಗೆ ಹತ್ತೊಂಬತ್ತಾದ ವರ್ಷ ನದಿಯ ಆಚೆ ಗುಂಡಿನ ಸದ್ದು ಶುರುವಾಯಿತು. ಮೊದಲು ದೂರ, ಆಮೇಲೆ ಹತ್ತಿರ. ಎಲ್ಲೋ ದೊಡ್ಡ ಮನುಷ್ಯರು ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದಾರೆ ಅಂತ ರೇಡಿಯೋ ಹೇಳಿತು. ನಮ್ಮವರು ಕತ್ತರಿ ಕೆಳಗಿಟ್ಟು, “ಗೆರೆ ಪಕ್ಕ ಹೊಲಿಗೆಗೆ ಅಂತ ಎರಡು ಬೆರಳು ಬಿಟ್ಟಿರ್ತಾರಾ ಇವರು?” ಅಂದರು. ಬಿಟ್ಟಿರಲಿಲ್ಲ. ಗೆರೆ ನಮ್ಮ ನದಿಯ ಮೇಲೇ ಹಾದುಹೋಯಿತು. ನಾವು ಯಾವ ಕಡೆಯವರು ಅಂತ ನಮಗೆ ತಿಳಿದದ್ದೇ ಗೋಡೆಗೆ ಕಾಗದ ಅಂಟಿಸಿದ ಮೇಲೆ. ಅದರಲ್ಲಿ ಇಂಥಿಂಥ ಬೀದಿಯವರು ಶನಿವಾರ ಮಧ್ಯಾಹ್ನದೊಳಗೆ ಸೇತುವೆ ದಾಟಬೇಕು ಅಂತಿತ್ತು. ಅಷ್ಟು ವರ್ಷ ಅಲ್ಲೇ ಹುಟ್ಟಿ ಬೆಳೆದವರು ನಾಲ್ಕು ದಿನದಲ್ಲಿ ಪರದೇಶದವರಾದೆವು.

ಆ ನಾಲ್ಕು ದಿನ ನಮ್ಮ ಅಂಗಡಿ ಮುಚ್ಚಲಿಲ್ಲ. ಹೊರಡುವ ಜನಕ್ಕೆ ಚೀಲ ಬೇಕು, ಕೋಟಿನ ಒಳಜೇಬು ಬೇಕು. ಉಳಿದಿದ್ದ ನೀಲಿ ಚೌಕಳಿ ಬಟ್ಟೆಯಲ್ಲಿ ನಮ್ಮವರು ಎರಡು ಅಂಗಿ ಕತ್ತರಿಸಿದರು, ಹುಡುಗರಿಬ್ಬರಿಗೆ. ಆ ಬಟ್ಟೆಯ ಅಂಗಿ ಊರಿನ ಅರ್ಧ ಗಂಡಸರ ಮೈಮೇಲಿತ್ತು. ಮಗನ ಅಂಗಿಗೆ ಅತ್ತಿಗೆ ಕಾಜಾ ಹಾಕಿ, ಕೆಂಪು ಗುರುತನ್ನೂ ಹಾಕಿ ಮುಗಿಸುವಷ್ಟರಲ್ಲಿ ಅವರ ಬೆರಳಿಗೆ ಉಗುರುಸುತ್ತಾಗಿ ಊದಿಕೊಂಡಿತು. ಗುಂಡಿಮುಕ್ಕನ ಅಂಗಿಗೆ ನಾನು ಕೂತೆ. ಏಳನೆಯದು ಮುಗಿಸಿ ದಾರ ಕಡಿಯುವಾಗ ಅವನು ಬಂದು ಮೇಜಿನ ತುದಿಗೆ ಒರಗಿ ನಿಂತ.

“ಅತ್ತೆ, ನನಗೂ ಆ ಕೆಂಪು ಹಾಕಿ.”

“ಅದು ಮನೆಯವರಿಗೆ ಕಣೋ.”

“ಮತ್ತೆ ನಾನೇನು ಗಿರಾಕಿನಾ?”

ನಗುನಗುತ್ತಲೇ ಕೇಳಿದ. ಆದರೆ ಕೈ ಗುಂಡಿಯ ಮೇಲಿತ್ತು. ಅತ್ತಿಗೆ ಮೇಲೆ ಹಾಸಿಗೆ ಸುತ್ತುತ್ತಿದ್ದರು. ನಾನು ಕೆಂಪು ದಾರ ತೆಗೆದು ಒಂದು ಹೊಲಿಗೆ ಹಾಕಿಬಿಟ್ಟೆ. ಅತ್ತಿಗೆಗೆ ಹೇಳಬೇಡ ಅಂತ ತುಟಿಗೆ ಬೆರಳಿಟ್ಟು ತೋರಿಸಿದೆ. ಅವನು ಅಂಗಿ ತಿರುಗಿಸಿ ನೋಡಿಕೊಂಡು ಹೋದ. ಮರುಕ್ಷಣವೇ ಯಾರೋ ಚೀಲಕ್ಕೆ ಪಟ್ಟಿ ಹಾಕಿಕೊಡಿ ಅಂತ ಬಂದರು. ಅದು ನನ್ನ ತಲೆಯಿಂದ ಹೋಯಿತು.

ಸೇತುವೆಯ ಬಾಯಲ್ಲಿ ಸೈನಿಕರು ಜನರನ್ನು ಎರಡು ಸಾಲು ಮಾಡಿದರು. ಹದಿನೆಂಟರಿಂದ ನಲವತ್ತರವರೆಗಿನ ಗಂಡಸರು ಎಡಕ್ಕೆ. ನಮ್ಮವರಿಗೆ ಒಂದು ಕಾಲು ಗಿಡ್ಡ, ಕುಂಟುವುದನ್ನು ನೋಡಿ ಬಿಟ್ಟರು. ಬೇಕರಿಯಣ್ಣನಿಗೆ ನಲವತ್ತೈದು, ಬಿಟ್ಟರು. ಹುಡುಗರಿಬ್ಬರೂ ಎಡಕ್ಕೆ ಹೋದರು. ಹೆಸರು ಬರೆದುಕೊಂಡು ಸಂಜೆಗೆ ಕಳಿಸುತ್ತೇವೆ ಅಂದರು. ಅತ್ತಿಗೆ ಮಗನಿಗೆ ಹೇಳಿದ್ದು ಇಷ್ಟೇ: “ಕಾಲರ್ ಗುಂಡಿ ಹಾಕ್ಕೋ, ಗಾಳಿ ಇದೆ.” ಅವನು ಹಾಕಿಕೊಂಡ. ಸಂಜೆಗೆ ಯಾರೂ ಬರಲಿಲ್ಲ.

ಈ ಕಡೆ ನಮ್ಮನ್ನು ಇಳಿಸಿದ್ದು ಮುಚ್ಚಿಹೋಗಿದ್ದ ನೂಲಿನ ಗಿರಣಿಯಲ್ಲಿ. ಗೋದಾಮುಗಳ ನಡುವೆ ಹಲಗೆ ನಿಲ್ಲಿಸಿ ಮನೆಗಳು ಅಂದರು. ಮೊದಲ ಚಳಿಗಾಲದಲ್ಲಿ ಗಾಳಿ ಬೀಸಿದಾಗಲೆಲ್ಲ ಮೂಲೆಗಳಲ್ಲಿ ಉಳಿದಿದ್ದ ಹತ್ತಿಯ ಧೂಳೆದ್ದು ಎಲ್ಲರೂ ಕೆಮ್ಮುವರು. ಆಮೇಲೆ ಇಟ್ಟಿಗೆ ಗೋಡೆ ಬಂತು, ನಲ್ಲಿ ಬಂತು, ಬಾಗಿಲಿಗೆ ನಂಬರು ಬಂತು. ಕಾಲೊನಿ ಅಂತ ಹೆಸರಾಯಿತು. ಈ ಕಡೆಯವರು ನಮ್ಮನ್ನು “ಆ ಕಡೆಯವರು” ಅನ್ನುತ್ತಿದ್ದರು. ಆ ಕಡೆಯವರು ನಮ್ಮನ್ನು ಈ ಕಡೆಯವರು ಅಂತ ಓಡಿಸಿದ್ದರು. ಬೇಕರಿಯಣ್ಣ ಗಿರಣಿಯ ಬಾಯ್ಲರ್ ಮನೆಯಲ್ಲಿ ಭಟ್ಟಿ ಕಟ್ಟಿಕೊಂಡರು. ನಾವು ಒಂದು ಮೆಷಿನ್ನು ಹೊತ್ತು ತಂದಿದ್ದೆವು, ಅದನ್ನೇ ಬಾಗಿಲ ಬಳಿ ಇಟ್ಟುಕೊಂಡೆವು. ಅತ್ತಿಗೆಗೆ ಕಿಟಕಿ ಇರಲಿಲ್ಲ. ಹೊಸ್ತಿಲ ಹತ್ತಿರ ಕೂತು ಕಾಜಾ ಹಾಕಿದರು.

ಪ್ರತಿ ಬುಧವಾರ ಪತ್ತೆ ಕಚೇರಿಯ ಹಲಗೆಯ ಮೇಲೆ ಹೆಸರುಗಳ ಪಟ್ಟಿ ಅಂಟಿಸುವರು, ಸಿಕ್ಕವರದು, ಸೆರೆಯಿಂದ ಬಿಟ್ಟವರದು. ಅತ್ತಿಗೆಯೂ ಬೇಕರಿಯಣ್ಣನೂ ಜೊತೆಯಲ್ಲೇ ಹೋಗುವರು. ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ಬೆರಳಿಟ್ಟು ಒಂದೊಂದೇ ಸಾಲು ಇಳಿಯುವರು.

“ಅಕ್ಕ, ನಿಮ್ಮೋನು ಮೊದಲು ಬಂದ್ರೆ ಕಾಲೊನಿಗೆಲ್ಲ ನನ್ನ ಬನ್ನು.”

“ನಿಮ್ಮೋನು ಮೊದಲು ಬಂದ್ರೆ?”

“ಅವನಿಗೆ ಗುಂಡಿ ಹಾಕೋಕೆ ನೀವು ಒಂದು ವರ್ಷ ಕೂರಬೇಕಾಗುತ್ತೆ.”

ಹೀಗೆ ಐದು ವರ್ಷ. ಅತ್ತಿಗೆ ತಟ್ಟೆಯ ಮುಂದೆ ಕೂತರೆ ಎರಡು ತುತ್ತು, ಅಷ್ಟೇ. ಹೊಸ್ತಿಲಲ್ಲಿ ಯಾವ ನೆರಳು ಬಿದ್ದರೂ ಸೂಜಿ ನಿಲ್ಲುತ್ತಿತ್ತು. ಮೈ ಕಡ್ಡಿಯಾಯಿತು. ನಮ್ಮವರು ಅಕ್ಕನನ್ನು ನೋಡಿ ನೋಡಿ, “ಹೋದ ಅಂತಾದ್ರೂ ಗೊತ್ತಾಗಬಾರದಾ” ಅಂದುಬಿಟ್ಟಿದ್ದರು ಒಂದು ದಿನ. ಅಂದು, ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಆರನೆಯ ವರ್ಷ ನದಿ ದಂಡೆಯಲ್ಲಿ ಒಂದು ಹಳ್ಳ ಅಗೆದರು. ಸಿಕ್ಕ ಮೂಳೆಗಳ ಜೊತೆ ಇದ್ದ ಬಟ್ಟೆಗಳನ್ನು ತೊಳೆದು, ಶಾಲೆಯೊಂದರ ಹಾಲಿನಲ್ಲಿ ಮೇಜುಗಳ ಮೇಲೆ ಹರಡಿ, ಕಾಣೆಯಾದವರ ಮನೆಯವರು ಬಂದು ನೋಡಿ ಅಂದರು. ಅತ್ತಿಗೆ ಹೋಗಲಿಲ್ಲ.

“ನೀನು ಹೋಗು” ಅಂದರು ನನಗೆ. “ನನ್ನ ಕೈ ನಿನಗೆ ಗೊತ್ತು.”

“ನೀವೇ ಬಂದ್ರೆ...”

“ನನ್ನ ಕಾಜಾನ ನಾನು ಅಲ್ಲಿ ನೋಡಲಾರೆ ಕಣಮ್ಮ. ನೀನು ನೋಡಿ ಬಾ. ಕೆಂಪು ಇದ್ರೆ ಇದೆ ಅನ್ನು. ಇಲ್ದಿದ್ರೆ ಇಲ್ಲ ಅನ್ನು.”

ಬೇಕರಿಯಣ್ಣನೂ ನಾನೂ ಹೋದೆವು. ಹಾಲಿನಲ್ಲಿ ಸೋಪಿನ ವಾಸನೆ. ಮೇಜುಗಳ ನಡುವೆ ಜನ ಬಟ್ಟೆ ಅಂಗಡಿಗೆ ಬಂದವರ ಹಾಗೆ ಮೆಲ್ಲಗೆ ನಡೆಯುತ್ತಿದ್ದರು. ಮೂವತ್ತೊಂದನೆಯ ನಂಬರಿನ ಮೇಜಿನ ಮೇಲೆ ನೀಲಿ ಚೌಕಳಿ ಅಂಗಿ. ಬೇಕರಿಯಣ್ಣ ಅಲ್ಲೇ ನಿಂತರು.

“ತಂಗಿ, ಇದು... ನನಗೆ ಬಟ್ಟೆ ಗೊತ್ತಾಗಲ್ಲ. ಹಿಟ್ಟಾದ್ರೆ ಮುಟ್ಟಿ ಹೇಳ್ತೀನಿ. ನೀನೇ ನೋಡು.”

ಕಾಜಾ ನೋಡಿದೆ. ನಮ್ಮ ಮನೆಯ ಕೈ, ಅನುಮಾನವೇ ಇಲ್ಲ. ಏಳನೆಯದನ್ನು ತಿರುಗಿಸಿದೆ. ಕೆಂಪು ಮಾಸಿ ಕಂದುಬಣ್ಣಕ್ಕೆ ತಿರುಗಿತ್ತು, ಆದರೂ ಇತ್ತು. ಮೇಲಿಂದ ಎರಡನೆಯ ಗುಂಡಿ ಇರಲಿಲ್ಲ. ಅದನ್ನು ನಾನು ನೋಡಿದೆ. ನೋಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಐದು ವರ್ಷ ಮಣ್ಣಲ್ಲಿದ್ದ ಅಂಗಿ, ಒಂದು ಗುಂಡಿ ಉದುರಿದರೆ ಏನಾಶ್ಚರ್ಯ ಅಂದುಕೊಂಡೆ. ದರ್ಜಿ ಮನೆಯವಳು ನಾನು. ಗುಂಡಿ ಉದುರುತ್ತದೆ, ಹೊಲಿಗೆ ಸುಳ್ಳು ಹೇಳುವುದಿಲ್ಲ ಅಂತ ನಂಬಿದವಳು.

“ಇದು ನಮ್ಮ ಹುಡುಗನದು” ಅಂದೆ. “ನಿಮ್ಮವನದಲ್ಲ ಅಣ್ಣ.”

ಬೇಕರಿಯಣ್ಣ ಮುಖ ಮುಚ್ಚಿಕೊಂಡು ಅತ್ತರು. ಅತ್ತದ್ದು ಸಮಾಧಾನಕ್ಕೆ ಅಂತ ಅವರಿಗೇ ಗೊತ್ತಾಗಿ, ನಾಚಿಕೆಯಾಗಿ, ನನ್ನ ಕೈ ಹಿಡಿದುಕೊಂಡು “ತಪ್ಪು ತಿಳೀಬೇಡ ತಂಗಿ” ಅಂದರು. ನಾನು ಗುಮಾಸ್ತೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ಸಂಬಂಧ ಅನ್ನುವ ಕಡೆ, ಸೋದರಮಾವನ ಹೆಂಡತಿ ಅಂತ ಬರೆದೆ.

ಮನೆಗೆ ಬಂದಾಗ ಅತ್ತಿಗೆ ಹೊಸ್ತಿಲಲ್ಲೇ ಇದ್ದರು. ಮೇಲೆ ನೋಡದೆ ಕೇಳಿದರು.

“ಕೆಂಪು ಇತ್ತಾ?”

“ಇತ್ತು ಅತ್ತಿಗೆ.”

ಕೈಯಲ್ಲಿದ್ದ ಕಾಜಾವನ್ನು ಮುಗಿಸಿದರು. ದಾರ ಕಡಿದರು. ಆಮೇಲೆ ಅತ್ತರು.

ಕಾಲೊನಿಯ ಹಿಂದಿನ ಗುಡ್ಡದಲ್ಲಿ ಮಣ್ಣು ಮಾಡಿದೆವು, ಆ ಅಂಗಿಯ ಜೊತೆಗೇ. ಕಲ್ಲಿನ ಮೇಲೆ ನಮ್ಮ ಹುಡುಗನ ಹೆಸರು ಕೆತ್ತಿಸಿದೆವು. ಕೆಲವು ವಾರ ಕಳೆದ ಮೇಲೆ ಅತ್ತಿಗೆ ಒಂದು ದಿನ ತಾವಾಗಿಯೇ ಮತ್ತೊಂದು ಸಲ ಬಡಿಸಿಕೊಂಡರು. ನೆರಳು ಬಿದ್ದರೆ ಸೂಜಿ ನಿಲ್ಲುವುದು ತಪ್ಪಿತು. ಬುಧವಾರ ಬೇಕರಿಯಣ್ಣ ಒಬ್ಬರೇ ಹಲಗೆಯ ಹತ್ತಿರ ಹೋಗತೊಡಗಿದರು.

ಎರಡು ತಿಂಗಳಾಗಿತ್ತು. ನಮ್ಮವರ ಹೊಸ ಅಂಗಿಗೆ ಕಾಜಾ ಹಾಕಿ ಮುಗಿಸಿದ್ದೆ. “ಕೆಂಪೂ ನೀನೇ ಹಾಕಿಬಿಡು, ನನ್ನ ಕಣ್ಣಿಗೆ ಕಾಣ್ತಿಲ್ಲ” ಅಂದರು ಅತ್ತಿಗೆ. ಸೂಜಿಗೆ ಕೆಂಪು ದಾರ ಪೋಣಿಸಿ ಏಳನೆಯ ಕಾಜಾ ತಿರುಗಿಸಿದೆ. ‘ಮತ್ತೆ ನಾನೇನು ಗಿರಾಕಿನಾ?’ ಅಂದ ಹಾಗಾಯಿತು. ಮೇಜಿನ ತುದಿ, ಅಲ್ಲಿ ಒರಗಿ ನಿಂತವನು, ಗುಂಡಿಯ ಮೇಲಿನ ಕೈ, ಎಲ್ಲ ಒಟ್ಟಿಗೆ ಬಂತು. ಸೂಜಿ ಬೆರಳಿಗೆ ಇಳಿದದ್ದೂ ಗೊತ್ತಾಗಲಿಲ್ಲ.

ನಮ್ಮವರನ್ನು ಗಿರಣಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಹೇಳಿದೆ. ಅವರು ಬೆರಳು ಮಡಿಸಿ ಎಣಿಸಿದರು.

“ಎರಡು ಅಂಗಿ. ಎರಡಕ್ಕೂ ಕೆಂಪು. ಹಾಗಾದ್ರೆ ಅದು ನಮ್ಮವನದೂ ಇರಬಹುದಲ್ಲ?”

“ಎರಡನೇ ಗುಂಡಿ ಇರಲಿಲ್ಲ.”

“ಗುಂಡಿ ಯಾರದು ಬೇಕಾದ್ರೂ ಉದುರುತ್ತೆ.”

“ಅತ್ತಿಗೆಗೆ ಹೇಳಲಾ?”

“ಏನಂತ ಹೇಳ್ತೀಯ? ಅಕ್ಕ ಈಗಷ್ಟೇ ಹೊಟ್ಟೆ ತುಂಬ ಉಣ್ತಿದಾಳೆ. ಮತ್ತೆ ಹೊಸ್ತಿಲಲ್ಲಿ ಕೂರಿಸ್ತೀಯಾ?”

ಅವರು ಬೇಡ ಅಂದರು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಸತ್ತವರ ಮೇಲೆ ತಪ್ಪು ಹಾಕುವುದು ಸುಲಭ. ನಿಜ ಏನೆಂದರೆ, ಅವರು ಬೇಡ ಅಂದಾಗ ನನಗೆ ಹಗುರವಾಯಿತು. ಕಚೇರಿಗೆ ಹೋಗಿ ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಮ್ಮವನದೇ ಅಂತಲ್ಲ, ಅವರವನದೇ ಅಂತಲ್ಲ, ಗೊತ್ತಿಲ್ಲ ಅಂತ. ಕಾಣೆಯಾದವರ ಪಟ್ಟಿಯಲ್ಲಿ ನಮ್ಮ ಹುಡುಗನ ಹೆಸರು ಉಳಿಯುತ್ತಿತ್ತು. ಆ ಒಂದು ಮಾತಿಗೆ ನನ್ನ ಕಾಲು ಏಳಲಿಲ್ಲ.

ವರ್ಷಗಳು ಹೋದವು. ಬೇಕರಿಯಣ್ಣ ಮಗನಿಗೆ ಅಂತ ಹಾಸಿದ ಇನ್ನೊಂದು ಮಂಚವನ್ನು ಎತ್ತಿಡಲಿಲ್ಲ. ಕಾಲೊನಿಯಲ್ಲಿ ಎಲ್ಲರೂ ಬಾಗಿಲಿಗೆ ಹೊಸ ಚಿಲಕ ಹಾಕಿಸಿಕೊಂಡರೂ ಅವರದಕ್ಕೆ ಮಾತ್ರ ಒಳಗಿನಿಂದ ಅಗುಳಿ ಇಲ್ಲ. ಬೆಳಿಗ್ಗೆ ನನಗೆ ಬ್ರೆಡ್ಡಿನ ತುದಿ ಇಷ್ಟ ಅಂತ ಕತ್ತರಿಸಿ ಇಟ್ಟಿರುವರು. “ತಗೋ ತಂಗಿ, ನಿನ್ನ ಪಾಲು.” ತೆಗೆದುಕೊಳ್ಳುವೆ. ಎಷ್ಟೋ ದಿನ ತಿನ್ನದೆ ಹಾಗೇ ಇಟ್ಟುಬಿಡುವೆ, ಆದರೂ ತೆಗೆದುಕೊಳ್ಳುವೆ.

ಇಪ್ಪತ್ತನಾಲ್ಕನೆಯ ವರ್ಷ ನಮ್ಮವರು ಹೋದರು. ಅತ್ತಿಗೆ, ನಾನು, ಇಬ್ಬರು ವಿಧವೆಯರು ಎದುರುಬದುರು ಕೂತು ಹೊಲಿದೆವು. ತಡೆಯುವವರು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಹೇಳಿಯೇಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆಯೇ ಮಾತು ತೆಗೆದರು.

“ನೋಡಮ್ಮ, ನಾನು ಹೋದ್ರೆ ನನ್ನನ್ನ ಅವನ ಪಕ್ಕದಲ್ಲೇ ಇಡು. ಜಾಗ ಹೇಳಿಟ್ಟಿದೀನಿ.”

“ಈಗ್ಯಾಕೆ ಆ ಮಾತು ಅತ್ತಿಗೆ.”

“ಸೇತುವೆ ಮೇಲೆ ಅವನ ಕೈ ಬಿಟ್ಟೆ. ಅಲ್ಲಾದ್ರೂ ಪಕ್ಕದಲ್ಲಿರ್ತೀನಿ.”

ತೆರೆದ ಬಾಯಿ ಮುಚ್ಚಿಕೊಂಡೆ. ಇನ್ನೆರಡು ವರ್ಷಕ್ಕೆ, ಕೈಯಲ್ಲಿ ಅರ್ಧ ಕಾಜಾ ಇರುವಾಗಲೇ, ಅತ್ತಿಗೆ ಕುರ್ಚಿಗೆ ಒರಗಿದವರು ಏಳಲಿಲ್ಲ. ಹೇಳಿದ ಜಾಗದಲ್ಲೇ ಇಟ್ಟೆವು.

ಅದಾಗಿ ನಾಲ್ಕು ವರ್ಷಕ್ಕೆ ಎರಡು ಸರ್ಕಾರದವರೂ ಕೈ ಕುಲುಕಿದರು. ಸೇತುವೆಗೆ ಬಣ್ಣ ಬಳಿದು ಜನರನ್ನು ಬಿಟ್ಟರು. ಮೂವತ್ತು ವರ್ಷ ಶತ್ರುಗಳು ಅಂದವರು ಒಂದೇ ಬಸ್ಸಿನಲ್ಲಿ ಸೀಟು ಹಿಡಿಯಲು ನೂಕಾಡಿದರು. ಒಂದು ಬೆಳಿಗ್ಗೆ ನಾನು ಇಸ್ತ್ರಿ ಮಾಡುತ್ತಿದ್ದೆ. ಹೊಸ್ತಿಲಲ್ಲಿ ನೆರಳು ಬಿತ್ತು. ತಲೆ ಅರ್ಧ ಬೆಳ್ಳಗಾದ ಗಂಡಸು, ಒಂದು ಚೀಲ.

“ಅತ್ತೆ” ಅಂದ.

ಭುಜ ನೋಡಿ, ದನಿ ಕೇಳಿ ಗುರುತು ಹಿಡಿದೆ, ನಮ್ಮ ಹುಡುಗ. ಅದೇ ಭುಜವನ್ನು ನಾವು ಎಷ್ಟು ಸಲ ಅಳೆದಿರಲಿಲ್ಲ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಸುಟ್ಟ ವಾಸನೆ ಬಂದಾಗ ಅವನೇ ಎದ್ದು ಎತ್ತಿಟ್ಟ.

“ಅಮ್ಮ ಯಾವಾಗ ಹೋದ್ರು?”

“ನಾಲ್ಕು ವರ್ಷ ಆಯ್ತಪ್ಪ.”

ಅವನು ಎಣಿಸುತ್ತಿರುವವನ ಹಾಗೆ ನನ್ನನ್ನು ನೋಡಿದ.

“ನಾಲ್ಕಾ? ಬರೀ ನಾಲ್ಕಾ?”

ಗಣಿಯಲ್ಲಿ ದುಡಿಸಿಕೊಂಡು, ಏಳನೆಯ ವರ್ಷ ಬಿಟ್ಟಿದ್ದರಂತೆ. ಕೈಯಲ್ಲಿ ಒಂದು ಗುರುತಿನ ಚೀಟಿಯೂ ಇಲ್ಲ. ನಮ್ಮನ್ನು ಹುಡುಕಿಕೊಡಿ ಅಂತ ಪತ್ತೆ ಕಚೇರಿಗೆ ಬರೆದ. ಉತ್ತರ ಬಂತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ, ನನ್ನ ಮುಂದೆ ಬಿಚ್ಚಿದ. ನೀವು ಹೇಳುವ ವ್ಯಕ್ತಿ ತೀರಿಕೊಂಡಿದ್ದಾರೆ, ಮನೆಯವರೇ ಗುರುತಿಸಿ ಮಣ್ಣು ಮಾಡಿದ್ದಾರೆ, ಸತ್ತವರ ಹೆಸರು ಹೇಳಿಕೊಳ್ಳುವುದು ಅಪರಾಧ ಅಂತ ಬರೆದಿತ್ತು. ಜೊತೆಗೆ ಅಂಗಿ ಗುರುತಿಸಿದ ಹೇಳಿಕೆಯ ಪ್ರತಿ. ಕೆಳಗೆ ಸಹಿ.

“ಇದು ನಿಮ್ಮದಾ ಅತ್ತೆ?”

“ನನ್ನದೇ.”

“ನಿಮ್ಮ ಸಹಿ ನೋಡಿ ನಾನು ಏನಂದುಕೊಂಡೆ ಗೊತ್ತಾ? ಅಮ್ಮ ಇಲ್ಲ ಅಂದುಕೊಂಡೆ. ಇದ್ದಿದ್ರೆ ಅಂಗಿ ನೋಡೋಕೆ ಅಮ್ಮನೇ ಬರ್ತಿದ್ರು. ಅಮ್ಮನ ಕೈಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗುತ್ತೆ? ಒಂದೆರಡು ಸಲ ಮತ್ತೆ ಬರೆದೆ. ಆಮೇಲೆ ಬಿಟ್ಟೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೆಂಪು ದಾರದ ಮಾತು ಪೂರ್ತಿ ಹೇಳಿದೆ, ಎರಡು ತಿಂಗಳಾದ ಮೇಲೆ ನೆನಪಾದದ್ದೂ ಸೇರಿಸಿ. ಕೇಳಿಸಿಕೊಂಡು, “ನನ್ನ ಅಂಗಿ ಮೊದಲನೇ ವರ್ಷಾನೇ ಚಿಂದಿಯಾಯ್ತು. ಕಾಜಾ ಮಾತ್ರ ಗಟ್ಟಿಯಾಗೇ ಇದ್ವು” ಅಂದ. ನಕ್ಕನೇನೋ ಅನಿಸಿ ನೋಡಿದೆ. ನಕ್ಕಿರಲಿಲ್ಲ.

ಅಷ್ಟರಲ್ಲಿ ಬೇಕರಿಯಣ್ಣ ಹಿಟ್ಟಿನ ಕೈಯಲ್ಲೇ ಬಂದರು. ಎಪ್ಪತ್ತೈದು ಆಗಿತ್ತು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು.

“ಹೌದೇನೋ? ನೀನೇ ಏನೋ? ನಮ್ಮೋನೆಲ್ಲಿ?”

“ಮೊದಲನೇ ದಿನಾನೇ ಬೇರೆ ಲಾರಿಗೆ ಹತ್ತಿಸಿದ್ರು ಮಾವ. ಆಮೇಲೆ ನೋಡಿಲ್ಲ.”

“ಬೇರೆ ಲಾರಿ ತಾನೆ. ನೀನು ಬಂದಿದೀಯ ಅಂದ್ಮೇಲೆ ಅವನೂ ಬರ್ತಾನೆ ಬಿಡು. ಸೋಮಾರಿ, ಯಾವಾಗಲೂ ನಿನ್ನ ಹಿಂದೇನೇ.” ಆಮೇಲೆ ಗುಡ್ಡದ ಕಡೆ ತಿರುಗಿ, ದನಿ ತಗ್ಗಿಸಿ, “ಹಂಗಾದ್ರೆ ಅಲ್ಲಿರೋನು ಯಾರೋ ಪಾಪ. ಯಾರ ಮಗನೋ” ಅಂದರು.

ಮರುದಿನ ಅವರ ಕೋಣೆಗೆ ಸುಣ್ಣ ಹೊಡೆಯುತ್ತಿದ್ದರು. ಮಂಚ ಹೊರಗೆ ಬಿಸಿಲಿಗೆ ಬಂದಿತ್ತು. ನಮ್ಮ ಹುಡುಗ ಅದನ್ನು ನೋಡಿ ಒಳಗೆ ಬಂದ.

“ಅತ್ತೆ, ನೀವು ಹೇಳ್ತೀರಾ, ನಾನು ಹೇಳಲಾ?”

ನಾನೇ ಹೋದೆ. ಬೆಳಗಿನ ಬ್ರೆಡ್ಡು ಇಳಿಸಿ ಆಗಿತ್ತು. ನನ್ನನ್ನು ನೋಡಿ ತುದಿ ಕತ್ತರಿಸಲು ಚಾಕು ತೆಗೆದುಕೊಂಡರು.

“ಬೇಡ ಅಣ್ಣ. ಕೂತ್ಕೊಳ್ಳಿ.”

ಹೇಳಿದೆ. ಗಿರಾಕಿನಾ ಅಂತ ಅವನು ಕೇಳಿದ್ದು, ನಾನು ಹಾಕಿದ್ದು, ಮೂವತ್ತೊಂದನೆಯ ಮೇಜು. ಬೇಕರಿಯಣ್ಣ ಚಾಕುವನ್ನು ಹಲಗೆಯ ಮೇಲೆ ನೇರವಾಗಿ ಇಟ್ಟರು.

“ಗುಂಡಿ ಎಲ್ಲ ಇದ್ವಾ?”

“ಒಂದಿರಲಿಲ್ಲ.”

“ಯಾವುದು?”

“ಮೇಲಿಂದ ಎರಡನೇದು.”

ತಲೆಯಾಡಿಸಿದರು. ಎದ್ದು ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದರು, ಮೊಣಕೈವರೆಗೆ, ಹಿಟ್ಟು ಹೋದ ಮೇಲೂ ತೊಳೆದರು. ನನ್ನ ಕಡೆ ಬೆನ್ನು ಮಾಡಿಕೊಂಡೇ ಅಂದರು: “ಅವನು ತಾಯಿ ಮುಖ ನೋಡಿದೋನಲ್ಲ. ನಾಲ್ಕು ವರ್ಷದಿಂದ ಕಾಜಾ ಅಕ್ಕ ಪಕ್ಕದಲ್ಲಿದಾಳೆ. ಇರಲಿ.”

ಅಲ್ಲಿಗೆ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಟವೆಲಿಗೆ ಕೈ ಒರೆಸುತ್ತ ತಿರುಗಿದರು.

“ನಿನಗೆ ಇದು ಯಾವಾಗ ನೆನಪಾಯ್ತು ತಂಗಿ? ಹುಡುಗ ಬಂದ ಮೇಲಾ?”

ಹೌದು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಇಲ್ಲ ಅಣ್ಣ. ಮಣ್ಣು ಮಾಡಿ ಎರಡು ತಿಂಗಳಿಗೆ.”

ಅವರು ಬಾಗಿಲಾಚೆ ಕಾಣುತ್ತಿದ್ದ ಮಂಚವನ್ನು ನೋಡಿದರು. ನನಗೆ ಗೊತ್ತಾದ ಮೇಲೂ ಇಪ್ಪತ್ತನಾಲ್ಕು ವರ್ಷ ಹಾಸಿಟ್ಟ ಮಂಚ ಅದು. ನಾನು ಎದ್ದು ಬಂದೆ. ತುದಿ ಕತ್ತರಿಸದ ಬ್ರೆಡ್ಡು ಹಲಗೆಯ ಮೇಲೇ ಇತ್ತು.

ಆ ವಾರವೇ ಪತ್ತೆ ಕಚೇರಿಗೆ ಹೋಗಬೇಕಾಯಿತು. ನಮ್ಮ ಹುಡುಗನನ್ನು ಕಾಗದದಲ್ಲಿ ಬದುಕಿಸಬೇಕಿತ್ತು, ಬೇಕರಿಯಣ್ಣನ ಮಗನನ್ನು ಕಾಗದದಲ್ಲಿ ಸಾಯಿಸಬೇಕಿತ್ತು. ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು, ನಡುವೆ ಹುಡುಗ. ಅವನಿಗೂ ನದಿಯಾಚೆ ಹೆಂಡತಿ ಇದ್ದಾಳೆ, ಕೆಲಸ ಇದೆ, ಸಂಜೆಯ ಬಸ್ಸು ಹಿಡಿಯಬೇಕಿತ್ತು. ಗುಮಾಸ್ತೆ ಚಿಕ್ಕ ವಯಸ್ಸಿನವಳು, ಯುದ್ಧ ಮುಗಿದ ಮೇಲೆ ಹುಟ್ಟಿದವಳಿರಬೇಕು. ನನ್ನ ಮುಂದೆ ಹಾಳೆ ಇಟ್ಟು, “ಮೊದಲಿನ ಹೇಳಿಕೆ ಬದಲಾಯಿಸೋದಕ್ಕೆ ಕಾರಣ ಬರೀರಿ ಅಜ್ಜಿ. ಇಲ್ಲಿ, ಈ ಒಂದು ಸಾಲಿನಲ್ಲಿ” ಅಂದಳು. ‘ಎರಡನೆಯ ಅಂಗಿಗೂ ಕೆಂಪು ದಾರ ನಾನೇ ಹಾಕಿದ್ದೆ’ ಅಂತ ಬರೆದೆ. ಸಾಲು ಅಲ್ಲಿಗೆ ತುಂಬಿತು.

ಆಮೇಲೆ ಅವಳು ಬೇಕರಿಯಣ್ಣನ ಹಾಳೆ ತೆಗೆದುಕೊಂಡು, “ನಿಮ್ಮ ಮಗನ ಅಂಗಿ ಅಂತ ಗುರುತು ಹೇಳಿದ್ದು ಯಾರು ತಾತ?” ಅಂತ ಕೇಳಿದಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನನ್ನು ತಂಗಿ ಅಂತಲ್ಲದೆ ಬೇರೆ ಏನೂ ಕರೆಯದ ಮನುಷ್ಯ, ನನ್ನ ಕಡೆ ನೋಡದೆ ಕೈ ತೋರಿಸಿದರು.

“ಈ ಅಮ್ಮನವರು” ಅಂದರು.